ತಣ್ಣೀರ್‌ಪಳ್ಳಿ ಶಾಂತಿವನಕ್ಕೆ ಎರಡು ದಿನಕ್ಕಂತೂ ಹೋಗಬೇಡಿ

ಶಾಂತಿವನ ಅಂದರೆ ತಮಿಳುನಾಡಿನ ಕುಳಿತಲೈ ಪಟ್ಟಣದ ಹತ್ತಿರ, ಕಾವೇರಿ ದಡದಲ್ಲಿರುವ ಕ್ರೈಸ್ತ ಆಶ್ರಮ. ಮೊದಲು ಬಸ್ಸಿನ ವಿಷಯ ಕೇಳಿ. ಬೆಂಗಳೂರಿಂದ ರಾತ್ರಿ ರೈಲಲ್ಲಿ ಬಂದು ಕರೂರಿನಲ್ಲಿ ಇಳಿದೆ. ತಿರುಚ್ಚಿ ಬಸ್ ಹತ್ತಿ, ತಣ್ಣೀರ್‌ಪಳ್ಳಿ ಅಂತ ಎರಡೆರಡು ಸಲ ಹೇಳಿಯೇ ಟಿಕೆಟ್ ತಗೊಂಡೆ. ಊರು ಬಂತು, ಬಸ್ ನಿಲ್ಲಲಿಲ್ಲ. ಕೂಗಿದರೆ, ಇಲ್ಲಿ ಸ್ಟಾಪ್ ಇಲ್ಲ ಎಂದು ಕಂಡಕ್ಟರ್ ನನ್ನ ಮೇಲೇ ರೇಗಿದರು. ಬಹಳ ಮುಂದೆ ಇಳಿಸಿದರು. ಬ್ಯಾಗ್ ಹೊತ್ತು ಹೆದ್ದಾರಿ ಪಕ್ಕ ಮುಕ್ಕಾಲು ಗಂಟೆ ವಾಪಸ್ ನಡೆದೆ. ನೀವು ಕುಳಿತಲೈನಲ್ಲೇ ಇಳಿದು ಟೌನ್ ಬಸ್ ಹಿಡಿಯಿರಿ, ಹತ್ತಿರವೇ ಇದೆ.

ಅಲ್ಲಿ ಇಳಿದರೆ ಹೊಟ್ಟೆಗೂ ಒಳ್ಳೆಯದು. ಬಸ್ ಸ್ಟ್ಯಾಂಡ್ ಹತ್ತಿರದ ಗಲ್ಲಿಯಲ್ಲಿ ಬೋರ್ಡ್ ಕೂಡ ಇಲ್ಲದ ಹೋಟೆಲ್ ಇದೆ. ಅಜ್ಜಿಯೊಬ್ಬರು ಒಲೆ ಮುಂದೆ ಕೂತು ಪಡ್ಡು ಹುಯ್ಯುತ್ತಾರೆ, ಪಣಿಯಾರಂ ಅಂತಾರೆ ಅಲ್ಲಿ. ಹೊರಗೆ ಗರಿಗರಿ, ಒಳಗೆ ಹತ್ತಿಯ ಹಾಗೆ. ಸಣ್ಣ ಈರುಳ್ಳಿ ಚಟ್ನಿ ಕೇಳದೆಯೇ ಮತ್ತೆ ಮತ್ತೆ ಬಡಿಸಿದರು. ಕಾಫಿ ಸೇರಿ 40 ರೂಪಾಯಿ. ಎಲೆ ಎತ್ತಲು ಹೋದರೆ ಬಿಡಲಿಲ್ಲ.

ಶಾಂತಿವನವನ್ನು 1950ರಲ್ಲಿ ಶುರು ಮಾಡಿದ್ದು ಫ್ರಾನ್ಸಿನ ಇಬ್ಬರು ಪಾದ್ರಿಗಳು. 1968ರಲ್ಲಿ ಇಂಗ್ಲೆಂಡಿನ ಕ್ರೈಸ್ತ ಸನ್ಯಾಸಿ ಬೀಡ್ ಗ್ರಿಫಿತ್ಸ್ ಬಂದರು, 1993ರಲ್ಲಿ ಅಲ್ಲೇ ತೀರಿಕೊಂಡರು. ಭಾರತಕ್ಕೆ ಬಂದ ಹೊಸದರಲ್ಲಿ ಅವರು ಇದ್ದದ್ದು ನಮ್ಮ ಕೆಂಗೇರಿಯಲ್ಲಿ. ಚರ್ಚು ನೋಡೋಕೆ ದೇವಸ್ಥಾನದ ಹಾಗಿದೆ. ಉಪನಿಷತ್ತಿನ ಸಾಲು ಓದುತ್ತಾರೆ, ಬೈಬಲಿನ ಕೀರ್ತನೆಯನ್ನೂ ಹೇಳುತ್ತಾರೆ. ಹಣೆಗೆ ಬೆಳಿಗ್ಗೆ ಗಂಧ, ಮಧ್ಯಾಹ್ನ ಕುಂಕುಮ, ಸಂಜೆ ವಿಭೂತಿ. ಹಳೇ ಪದ್ಧತಿಯ ಕ್ರೈಸ್ತರ ಮನೆಯಲ್ಲಿ ಬೆಳೆದವಳು ನಾನು. ಮೊದಲ ದಿನ ಕುಂಕುಮಕ್ಕೆ ಕೈ ಚಾಚಲು ಆಗಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ನಿಮಗೆ ಇದು ಸರಿಬರದಿದ್ದರೆ ಮೊದಲೇ ಯೋಚಿಸಿ.

ನನಗೆ ಜನಜಂಗುಳಿ, ಮೈಕು ಆಗೋದಿಲ್ಲ. ಸಾವಿರಾರು ಜನರ ಜೊತೆ ಹಾಡಿ ಪ್ರಾರ್ಥಿಸೋಕೆ ಇಷ್ಟವಾದರೆ ಕೇರಳದ ಮುರಿಂಗೂರಿನ ಕ್ರೈಸ್ತ ಧ್ಯಾನಕೇಂದ್ರ ನಿಮಗೆ ಹೊಂದುತ್ತದೆ. ಶಾಂತಿವನದಲ್ಲಿ ಗುಡಿಸಲಂಥ ಪುಟ್ಟ ಕೋಣೆ, ಸೊಳ್ಳೆ, ನೆಲದ ಮೇಲೆ ಕೂತು ಸಸ್ಯಾಹಾರದ ಊಟ. ಸೊಳ್ಳೆಪರದೆ ಒಯ್ಯಿರಿ.

ಎರಡನೇ ದಿನ ತುಂಬಾ ಕಷ್ಟ. ಮೌನ ಎಂದರೆ ನೆಮ್ಮದಿ ಅಂದುಕೊಂಡಿದ್ದೆ. ಅಪ್ಪ ಹೋದಮೇಲೆ ಒತ್ತಿಟ್ಟಿದ್ದೆಲ್ಲ ಅವತ್ತು ಮೇಲೆ ಬಂತು. ಆಸ್ಪತ್ರೆಯಲ್ಲಿ ಅವರ ಮೇಲೆ ರೇಗಿದ್ದು ಕೂಡ. ಬ್ಯಾಗ್ ತುಂಬಿಸಿ ಹೊರಟೇ ಬಿಟ್ಟಿದ್ದೆ. ಊಟದ ಗಂಟೆ ಹೊಡೆಯಿತು ಅಂತ ಉಳಿದೆ. ಮೂರನೇ ದಿನ ಸಂಜೆ ಸುಮ್ನೆ ಕಾವೇರಿ ದಡದಲ್ಲಿ ಕೂತಿದ್ದೆ. ಶ್ರೀರಂಗಪಟ್ಟಣದಲ್ಲಿ ಅಪ್ಪ ನನಗೆ ಈಜು ಕಲಿಸಿದ್ದು ಇದೇ ನದಿಯಲ್ಲಿ ಅಲ್ವಾ ಅನ್ನಿಸಿತು. ಎಷ್ಟೋ ತಿಂಗಳ ಮೇಲೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ ಪೂರ್ತಿ ಹೇಳಿದೆ. ಆ ರಾತ್ರಿ ನಿದ್ದೆ ಬಂತು. ಅದಕ್ಕೇ ಹೇಳುತ್ತಿದ್ದೇನೆ, ಕಡಿಮೆಯೆಂದರೆ ನಾಲ್ಕು ದಿನ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ಅಲ್ಲಿ ಕಾವೇರಿ ಎಂದರೆ ಹೆಚ್ಚಿಗೆ ಮರಳೇ. ಮೆಟ್ಟೂರು ಅಣೆಕಟ್ಟಿನಿಂದ ನೀರು ಬಿಡುವ ರೂಢಿಯ ದಿನ ಜೂನ್ 12. ಅಣೆ ತುಂಬಿರದಿದ್ದರೆ ತಡವಾಗುತ್ತದೆ. ನೀರು ಬಿಟ್ಟಿದ್ದಾರಾ ಎಂದು ಕೇಳಿಕೊಂಡು ಟಿಕೆಟ್ ಮಾಡಿಸಿ.