ತಿನಿಸು ಮಾರಿ ಓಡುವ ರೈಲು

ಟೋಕಿಯೊದಲ್ಲಿರುವ ನಮ್ಮಂಥವರ ಮನೆಗೆ ಊರಿನಿಂದ ನೆಂಟರು ಬಂದರೆ ಬುಲೆಟ್ ರೈಲು ಹತ್ತಿಸದೆ ಕಳಿಸುವಂತಿಲ್ಲ. ಅದಾದ ಮೇಲೂ ಒಂದು ದಿನದ ಬಿಡುವಿದ್ದರೆ ನಾನು ಅವರನ್ನು ತೊಕಾವಾಕ್ಕೆ ಕರೆದೊಯ್ಯುತ್ತೇನೆ. ಚಿಬಾ ಪ್ರಾಂತ್ಯದ ಪೂರ್ವ ತುದಿಯಲ್ಲಿ, ಪೆಸಿಫಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಚೋಶಿ ಪಟ್ಟಣದಲ್ಲಿ, ಹಳಿ ಮುಗಿಯುವ ಜಾಗದ ಮರದ ನಿಲ್ದಾಣವದು.

ಟೋಕಿಯೊದಿಂದ ಚೋಶಿಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡು ಗಂಟೆ. ಇಳಿದವರು ಅದೇ ಪ್ಲಾಟ್‌ಫಾರ್ಮಿನ ಕೊನೆಯವರೆಗೂ ನಡೆಯಬೇಕು. ಅಲ್ಲಿ ಚೋಶಿ ಎಲೆಕ್ಟ್ರಿಕ್ ರೈಲ್ವೆಯ ಪುಟ್ಟ ರೈಲು ಕಾದಿರುತ್ತದೆ. ಟಿಕೆಟ್ ಕೊಡುವುದು ಒಳಗಿರುವ ಕಂಡಕ್ಟರ್. ಇಡೀ ಮಾರ್ಗ 6.4 ಕಿಲೋಮೀಟರ್, ನಿಲ್ದಾಣಗಳು 10. ಹೊರಟ ಸ್ವಲ್ಪ ಹೊತ್ತಿಗೆ ಯಮಾಸಾ ಸೋಯಾ ಸಾಸ್ ಕಾರ್ಖಾನೆಯ ಪಕ್ಕ ಸಾಗುತ್ತೇವೆ. ಕಿಟಕಿ ತೆರೆದಿದ್ದರೆ ವಾಸನೆಯೇ ಊರಿನ ಪರಿಚಯ ಹೇಳುತ್ತದೆ. ಆಮೇಲೆ ಎಲೆಕೋಸಿನ ಹೊಲಗಳು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ತೊಕಾವಾ.

1923ರಲ್ಲಿ ಮಾರ್ಗ ಆರಂಭವಾದಾಗ ಕಟ್ಟಿದ ನಿಲ್ದಾಣ ಇಂದಿಗೂ ಬಳಕೆಯಲ್ಲಿದೆ. ಮರದ ಗೋಡೆ, ಮರದ ಟಿಕೆಟ್ ಕಿಂಡಿ, ಪಕ್ಕದ ಹಳಿಯ ಮೇಲೆ ನಿವೃತ್ತಿಯಾದ ಒಂದು ಹಳೆಯ ಬೋಗಿ. ಹೊರಗೆ ಬಂದರೆ ಬೀದಿಗಳು ನೇರವಾಗಿ ಇಳಿಜಾರಿನಲ್ಲಿ ಬಂದರಿನತ್ತ ಹೋಗುತ್ತವೆ. ಈ ಮೀನುಗಾರರ ಊರನ್ನು 17ನೇ ಶತಮಾನದಲ್ಲಿ ಕಟ್ಟಿದವನು ದೂರದ ಕಿಶೂ ಪ್ರಾಂತ್ಯದಿಂದ, ಅಂದರೆ ಈಗಿನ ವಾಕಾಯಾಮಾದಿಂದ, ಬಂದ ಸಾಕಿಯಾಮಾ ಜಿರೋಎಮೊನ್. 1645ರಲ್ಲಿ ಯಮಾಸಾ ಸ್ಥಾಪಿಸಿದ ಹಮಾಗುಚಿ ಮನೆತನವೂ ಅದೇ ಸೀಮೆಯದು. ಮೀನನ್ನೂ ಸೋಯಾ ಸಾಸನ್ನೂ ಚೋಶಿಗೆ ಹೊರಗಿನವರೇ ಕಟ್ಟಿಕೊಟ್ಟರು ಎನ್ನುವುದು ಹೊರನಾಡಿನಲ್ಲಿರುವ ನನಗೆ ಒಳಗೊಳಗೇ ಹಿಗ್ಗು ತರುವ ಸಂಗತಿ.

ಇಲ್ಲಿಗೆ ರೈಲು ಬಂದದ್ದೂ ಸರಾಗವಾಗಿ ಅಲ್ಲ. 1913ರಲ್ಲಿ ಬೇರೊಂದು ಕಂಪನಿ ಚೋಶಿಯಿಂದ ಇನುಬೊದವರೆಗೆ ಪ್ರವಾಸಿಗರಿಗೆಂದು ಹಳಿ ಹಾಕಿತ್ತು. ಇನುಬೊ ಭೂಶಿರದಲ್ಲಿ 1874ರ ಬಿಳಿಯ ದೀಪಸ್ತಂಭವಿದೆ, ನೋಡಲು ಜನ ಬರುತ್ತಾರೆಂಬ ಲೆಕ್ಕ. ಬಂದವರು ಸಾಲಲಿಲ್ಲ. ಅಷ್ಟರಲ್ಲಿ ಮೊದಲ ಮಹಾಯುದ್ಧ ಕಬ್ಬಿಣದ ಬೆಲೆ ಏರಿಸಿತು. 1917ರಲ್ಲಿ ಕಂಪನಿ ಹಳಿಗಳನ್ನೇ ಕಿತ್ತು ಮಾರಿ ಕೈತೊಳೆದುಕೊಂಡಿತು! ಅದೇ ಜಾಡಿನಲ್ಲಿ ಹೊಸ ಕಂಪನಿ ಮತ್ತೆ ಹಳಿ ಹಾಕಿ, ತೊಕಾವಾದವರೆಗೂ ಮುಂದುವರಿಸಿದ್ದು 1923ರಲ್ಲಿ; ವಿದ್ಯುತ್ ಬಂದದ್ದು 1925ರಲ್ಲಿ.

ಊರಿನ ಜನಸಂಖ್ಯೆ ಇಳಿಯುತ್ತಾ ಹೋದಂತೆ ಟಿಕೆಟ್ ದುಡ್ಡು ಸಾಲದಾಯಿತು. 1995ರಲ್ಲಿ ಕಂಪನಿ ನುರೆ ಸೆಂಬೆ ಮಾರತೊಡಗಿತು. ಸುಟ್ಟ ಅಕ್ಕಿಯ ಬಿಲ್ಲೆಯನ್ನು ಬಿಸಿಯಿರುವಾಗಲೇ ಸೋಯಾ ಸಾಸಿನಲ್ಲಿ ಅದ್ದಿ ಮೆತ್ತಗೆ ಮಾಡಿದ ತಿನಿಸು. ಗರಿಗರಿ ಹಪ್ಪಳವನ್ನು ಸಾರಿನಲ್ಲಿ ಬಿಟ್ಟು ಮರೆತಂತೆ ಇರುತ್ತದೆ. ಮೊದಲ ತುತ್ತಿಗೆ ಯಾರೂ ಒಪ್ಪುವುದಿಲ್ಲ, ಎರಡನೆಯ ಬಿಲ್ಲೆಗೆ ಕೈ ತಾನಾಗಿಯೇ ಹೋಗುತ್ತದೆ. (ಸಸ್ಯಾಹಾರಿಗಳು ಪೊಟ್ಟಣದ ಹಿಂಬದಿಯ ಪಟ್ಟಿಯನ್ನು ಓದಿಸಿಕೊಳ್ಳಿ. ಈ ದೇಶದಲ್ಲಿ ಮೀನಿನ ರಸ ಯಾವುದರೊಳಗೆ ಸೇರಿರುತ್ತದೋ ಹೇಳಲಾಗದು.)

2006ರಲ್ಲಿ ಕಂಪನಿಯ ಮಾಜಿ ಅಧ್ಯಕ್ಷನೇ ಹಣ ದುರುಪಯೋಗದ ಆರೋಪದಲ್ಲಿ ಬಂಧನಕ್ಕೊಳಗಾದ. ಕಾನೂನಿನಂತೆ ಮಾಡಿಸಲೇಬೇಕಾದ ಬೋಗಿಗಳ ತಪಾಸಣೆಗೂ ಕಾಸಿರಲಿಲ್ಲ. ಆ ನವೆಂಬರಿನಲ್ಲಿ ನೌಕರರು ಅಂತರ್ಜಾಲದಲ್ಲಿ ಬೇಡಿಕೊಂಡರು: ದಯವಿಟ್ಟು ನುರೆ ಸೆಂಬೆ ಕೊಳ್ಳಿ, ರೈಲಿನ ರಿಪೇರಿಗೆ ದುಡ್ಡು ಹೊಂದಿಸಬೇಕಾಗಿದೆ ಎಂದು. ಜಪಾನೀಯರು ತಮ್ಮ ಕಷ್ಟವನ್ನು ನಾಲ್ಕು ಜನರೆದುರು ಹೇಳಿಕೊಳ್ಳುವುದೇ ಅಪರೂಪ, ಕಂಪನಿಗಳಂತೂ ಇನ್ನೂ ಬಿಗಿ. ಬಹುಶಃ ಅದಕ್ಕೇ ಆ ಮಾತು ಅಷ್ಟು ನಾಟಿತು. ದೇಶದ ಮೂಲೆಮೂಲೆಗಳಿಂದ ಬೇಡಿಕೆ ಬಂದು ಬಿತ್ತು, ರೈಲು ಉಳಿಯಿತು.

ಅಲ್ಲಿಂದೀಚೆಗೆ ಇವರಿಗೆ ಸಂಕೋಚವೆಂಬುದೇ ಇಲ್ಲ. ನಿಲ್ದಾಣಗಳಿಗೆ ಅಡ್ಡಹೆಸರಿಡುವ ಹಕ್ಕನ್ನೂ ಮಾರಾಟಕ್ಕಿಟ್ಟರು. ತೊಕಾವಾಕ್ಕೆ ‘ಅರಿಗಾತೊ’ ಎಂಬ ಹೆಸರು ಬಂತು, ಧನ್ಯವಾದ ಎಂದರ್ಥ. 2018ರಲ್ಲಿ ‘ಮಜುಯಿ ಬೊ’ ಎಂಬ ಕುರುಕಲು ತಿಂಡಿ ಹೊರತಂದರು. ಮಜುಯಿ ಎಂದರೆ ಕೆಟ್ಟ ರುಚಿ. ರುಚಿಯಲ್ಲ, ನಮ್ಮ ವ್ಯವಹಾರ ಕೆಟ್ಟಿದೆ ಎಂಬುದು ಅವರದೇ ವಿವರಣೆ. ಟಿಕೆಟ್‌ಗಿಂತ ತಿನಿಸಿನಿಂದಲೇ ಕಂಪನಿಗೆ ಹೆಚ್ಚು ವರಮಾನ. ಚಮತ್ಕಾರದ ವ್ಯಾಪಾರವೆಂದು ಮೂಗು ಮುರಿಯುವವರಿದ್ದಾರೆ. ನಾನು ಆ ಪೈಕಿಯಲ್ಲ. 2014ರ ಜನವರಿಯಲ್ಲಿ ಒಂದು ರೈಲು ಹಳಿ ತಪ್ಪಿ, ಅದರ ದುರಸ್ತಿಗೆ ಹಣವಿಲ್ಲದಾದಾಗ ಚೋಶಿಯ ವಾಣಿಜ್ಯ ಪ್ರೌಢಶಾಲೆಯ ಮಕ್ಕಳು ಅಂತರ್ಜಾಲದಲ್ಲಿ ಚಂದಾ ಎತ್ತಿದರು. ಆ ರೈಲು ಮರುವರ್ಷ ಮತ್ತೆ ಓಡಿತು. ಬರೀ ಚಮತ್ಕಾರಕ್ಕೆ ಯಾವ ಮಕ್ಕಳು ಇಷ್ಟು ಓಡಾಡುತ್ತಾರೆ?

ಹೋಗುವವರು ಚಿಲ್ಲರೆ ಯೆನ್ ಇಟ್ಟುಕೊಳ್ಳಿ. ರೈಲುಗಳ ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆಯ ಅಂತರ ಇರುತ್ತದೆ, ತೊಕಾವಾದ ಬಂದರಿಗೆ ಇಳಿದು ಹತ್ತಿ ಬರಲು ಅಷ್ಟು ಸಾಕು. ದೀಪಸ್ತಂಭಕ್ಕೆ ಹಿಂದಿನ ನಿಲ್ದಾಣವಾದ ಇನುಬೊದಲ್ಲಿ ಇಳಿಯಬೇಕು. ನುರೆ ಸೆಂಬೆ ಅಲ್ಲಿಯೇ ಸಿಗುತ್ತದೆ.