ಪರವಾಗಿಲ್ಲ ಮೇಡಂ

ಎಕ್ಸೆಲ್ ಶೀಟಿನ 13ನೇ ಸಾಲು. ರೀ-ಡಿಸ್‌ಲೊಕೇಶನ್ (ಮಂಡಿಚಿಪ್ಪು ಮತ್ತೆ ಜಾರಿದ್ದು): ಇಲ್ಲ. ಇನ್‌ಫೆಕ್ಷನ್: ಇಲ್ಲ. ಆರ್‌ಓಎಂ (ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ): 130. ಕುಜಾಲ (ಮಂಡಿಯ ಸ್ಥಿತಿಗೆ ನೂರಕ್ಕೆ ಕೊಡುವ ಅಂಕ): 94. ತುಂಬಿದವಳು ನಾನೇ. ಇವತ್ತಿಗೂ ಆ ಫೈಲ್ ತೆರೆದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ನಾನು ಆರ್ಥೋ ವಿಭಾಗದ ಫಿಸಿಯೋ. ಪಿಯುಸಿ ಓದುವ, ಖೋ ಖೋ ಆಡುವ ಹುಡುಗಿ ಅವಳು. ಎಡ ಮಂಡಿಯ ಚಿಪ್ಪು ಮೂರು ಸಲ ಹೊರಗೆ ಜಾರಿತ್ತು. ಮೂರನೇ ಸಲ ಬಸ್ಸಿನ ಮೆಟ್ಟಿಲು ಇಳಿಯುವಾಗ. ಎರಡು ಸಲ ಜಾರಿದ ಚಿಪ್ಪು ಮತ್ತೆ ಜಾರುವ ಸಂಭವ ಜಾಸ್ತಿ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಅಂತ ಸರ್ಜರಿ ಆಯಿತು. ಟಿಟಿ-ಟಿಜಿ (ಚಿಪ್ಪಿನ ಕೆಳಗಿನ ಮೂಳೆಗಂಟು ಎಷ್ಟು ಹೊರಕ್ಕಿದೆ ಅನ್ನುವ ಅಳತೆ) 20 ಮಿಲಿಮೀಟರಿನ ಒಳಗೇ ಇತ್ತು, ಚಿಪ್ಪು ಇರಬೇಕಾದ ಜಾಗಕ್ಕಿಂತ ಮೇಲೆ ಕೂತಿರಲಿಲ್ಲ. ಹಾಗಾಗಿ ಮೂಳೆ ಕಡಿಯುವ ಕೆಲಸ ಬೇಕಾಗಲಿಲ್ಲ. ತೊಡೆಯ ಒಳಬದಿಯ ಗ್ರಾಸಿಲಿಸ್ ಸ್ನಾಯುರಜ್ಜು ತೆಗೆದು, ಚಿಪ್ಪು ಹೊರಗೆ ಜಾರದಂತೆ ಹಿಡಿಯುವ ಎಂಪಿಎಫ್‌ಎಲ್ ಲಿಗಮೆಂಟ್ ಮಾತ್ರ ಕಟ್ಟಿದರು. ಮೂರು ತಿಂಗಳು ನನ್ನ ಹತ್ತಿರ ಬಂದಳು. ಆಮೇಲೆ ಮನೆಯಲ್ಲೇ ಮಾಡ್ಕೋ ಅಂತ ಚೀಟಿ ಕೊಟ್ಟು ಕಳಿಸಿದೆ.

ಒಂದು ವರ್ಷದ ಫಾಲೋಅಪ್‌ಗೆ ಬಂದಾಗ ಒಪಿಡಿಯಲ್ಲಿ ಜಾತ್ರೆ. ಶನಿವಾರದ ಮೀಟಿಂಗಿಗೆ ಸಾರ್ ಡೇಟಾ ಕೇಳಿದ್ದರು. ಕುಜಾಲ ಫಾರ್ಮ್ ಇಂಗ್ಲಿಷಿನಲ್ಲಿದೆ, 13 ಪ್ರಶ್ನೆ. ನಾನೇ ಓದುತ್ತಾ ಹೋದೆ. ಮೆಟ್ಟಿಲು ಹತ್ತೋದು? ಪರವಾಗಿಲ್ಲ ಮೇಡಂ. ಕುಕ್ಕರಗಾಲು? ಪರವಾಗಿಲ್ಲ ಮೇಡಂ. ಟಿಕ್, ಟಿಕ್. ಅಪ್ರಿಹೆನ್ಶನ್ ಟೆಸ್ಟಿಗೆ ಚಿಪ್ಪಿನ ಮೇಲೆ ಬೆರಳಿಟ್ಟೆ. ತಳ್ಳುವ ಮೊದಲೇ ನನ್ನ ಮಣಿಕಟ್ಟು ಹಿಡಿದುಕೊಂಡಳು. 'ಇನ್ನೂ ಹೆದರ್ತೀಯಾ?' ಅಂತ ನಕ್ಕು ಮುಂದಿನ ಪೇಷಂಟನ್ನು ಕರೆದೆ. ಆ ಟೆಸ್ಟ್ ನೋಡುವುದೇ ಹೆದರಿಕೆಯನ್ನು. ಅದು ಗೊತ್ತಿದ್ದೂ ನಕ್ಕೆ.

ಶನಿವಾರ. ಹೊರಗಿನಿಂದ ಬಂದ ಇಬ್ಬರು ಸರ್ಜನ್ನರು ಮುಂದಿನ ಸಾಲಿನಲ್ಲಿ. 'ಒಂದೂ ರೀ-ಡಿಸ್‌ಲೊಕೇಶನ್ ಇಲ್ಲ' ಅನ್ನುವ ಸ್ಲೈಡ್ ಗೋಡೆ ಮೇಲೆ. ಸಾರ್ ಹುಡುಗಿಯನ್ನು ಕರೆಸಿದರು. 'ಬಾಮ್ಮ, ಖೋ ಖೋದಲ್ಲಿ ಸಾಲಲ್ಲಿ ಹೇಗೆ ಕೂರ್ತೀಯ, ತೋರಿಸು.'

ಅವಳು ಸಾರ್ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಬಗ್ಗಿದಳು. ಕೈ ಮೇಜಿನ ಅಂಚನ್ನು ಹುಡುಕಿತು. ಭಾರವೆಲ್ಲ ಬಲಗಾಲಿನ ಮೇಲೆ. ಅರ್ಧದಲ್ಲಿ ನಿಂತಳು. ಯಾರೂ ಮಾತಾಡಲಿಲ್ಲ. ಪ್ರೊಜೆಕ್ಟರಿನ ಫ್ಯಾನ್ ಸದ್ದು ಮಾತ್ರ.

ನನಗೆ ಆಗಲೂ ಬುದ್ಧಿ ಬರಲಿಲ್ಲ. ಇಷ್ಟು ಜನರ ಮುಂದೆ ನಾಚಿಕೆ ಅಂದುಕೊಂಡೆ. 'ಪೂರ್ತಿ ಕೂರು ಪುಟ್ಟಿ, ಏನೂ ಆಗಲ್ಲ' ಅಂದೆ. ಅವಳು ಇನ್ನೊಂದು ಗೇಣು ಇಳಿದಳು. ಕುದಿಯುವ ಪಾತ್ರೆಯ ಮುಚ್ಚಳ ಒತ್ತಿ ಹಿಡಿದ ಹಾಗೆ ಅಂಗೈಯಿಂದ ಚಿಪ್ಪನ್ನು ಒತ್ತಿ ಹಿಡಿದಳು. 'ಮೇಡಂ, ಜಾರುತ್ತೆ.' ತುಟಿ ನಡುಗುತ್ತಿತ್ತು. ಸಾರ್ ಅವಳನ್ನು ಕುರ್ಚಿ ಮೇಲೆ ಕೂರಿಸಿದರು. ಬೈಯಲಿಲ್ಲ. ಕೇಳಿದ್ದು ಒಂದೇ: 'ಈ 94 ಯಾರು ಹಾಕಿದ್ದು?'

ಎಕ್ಸ್‌ರೇ ತೆಗೆಸಿದರು. ಲಿಗಮೆಂಟ್ ಕೂರಿಸಲು ತೊಡೆಮೂಳೆಯಲ್ಲಿ ಕೊರೆದ ಟನೆಲ್, ಅದು ಇರಬೇಕಾದ ಶಾಟ್ಲ್ ಪಾಯಿಂಟ್ ಹತ್ತಿರವೇ ಇತ್ತು. ಕೈಯಲ್ಲಿ ತಳ್ಳಿ ನೋಡಿದರೆ ಲಿಗಮೆಂಟ್ ಗಟ್ಟಿಯಾಗಿತ್ತು. ಟೇಪ್ ಹಿಡಿದರೆ ಎಡ ತೊಡೆ 3 ಸೆಂಟಿಮೀಟರ್ ಸಣ್ಣ. ಕೋನ ಅಳೆಯುವ ಗೋನಿಯೋಮೀಟರ್ ಇಟ್ಟರೆ ತಾನಾಗಿ ಮಡಚಿದ್ದು 100 ಡಿಗ್ರಿ. ನನ್ನ 130 ಮಂಚದ ಮೇಲೆ ನಾನೇ ಒತ್ತಿ ಮಡಚಿದ್ದು, ಅದೂ ಕಣ್ಣಳತೆ. ಸರ್ಜರಿ ಅದರ ಕೆಲಸ ಮಾಡಿತ್ತು. ಉಳಿದದ್ದು ನನ್ನ ಪಾಲಿಂದು.

ಕಾರಿಡಾರಿನಲ್ಲಿ ಕೇಳಿದೆ, 'ಅವತ್ತು ಪರವಾಗಿಲ್ಲ ಅಂದೆಯಲ್ಲಮ್ಮ?'

'ನೀವು ಅರ್ಜೆಂಟಲ್ಲಿ ಇದ್ರಿ ಮೇಡಂ. ಆಪರೇಷನ್‌ಗೆ ಮೊದಲು ಇದ್ದಿದ್ದಕ್ಕಿಂತ ಪರವಾಗಿಲ್ಲ ತಾನೆ?'

ಅವರಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದರು, 'ಕಕ್ಕಸಿಗೆ ಪ್ಲಾಸ್ಟಿಕ್ ಕುರ್ಚಿ ಕುಯ್ಸಿ ಇಟ್ಟಿದೀವಿ ಮೇಡಂ. ಒಂದು ವರ್ಷ ಆಯ್ತು.' ಫಾರ್ಮಿನ 13 ಪ್ರಶ್ನೆಗಳಲ್ಲಿ ಕಕ್ಕಸಿನದು ಇಲ್ಲ. ಫಿನ್ಲೆಂಡಿನವರು ಮಾಡಿದ ಫಾರ್ಮ್, ಅವರನ್ನು ಅಂದು ಏನು ಪ್ರಯೋಜನ? ಕುಕ್ಕರಗಾಲಿನ ಪ್ರಶ್ನೆ ಅದರಲ್ಲಿತ್ತು. 'ಪೂರ್ತಿ ಭಾರ ಹಾಕದೆ ಮಾತ್ರ ಆಗುತ್ತದೆ' ಅನ್ನುವ ಆಯ್ಕೆಯೂ ಇತ್ತು. ಎದ್ದು ಕೂತು ತೋರಿಸು ಅಂದಿದ್ದರೆ ಅರ್ಧ ನಿಮಿಷದ ಕೆಲಸ.

ಆ ರಾತ್ರಿ ಎಂಪಿಎಫ್‌ಎಲ್ ಸರ್ಜರಿಯ ತೊಂದರೆಗಳ ಬಗ್ಗೆ 2012ರಲ್ಲಿ ಬಂದ ಒಂದು ರಿವ್ಯೂ ಓದಿದೆ. 629 ಮಂಡಿ, 164 ತೊಂದರೆ. ಮತ್ತೆ ಜಾರಿದ್ದು ಅದರಲ್ಲಿ ಒಂದು ಪಾಲು ಅಷ್ಟೆ. ಮಡಚಲು ಆಗದಿರುವುದು, ನೋವು, ಚಿಪ್ಪೇ ಮುರಿದದ್ದು ಎಲ್ಲ ಲೆಕ್ಕಕ್ಕಿದೆ. ನಮ್ಮ ಶೀಟಿನಲ್ಲಿ ಇವಕ್ಕೆ ಕಾಲಮ್ಮೇ ಇರಲಿಲ್ಲ.

ಈಗಲೂ ಇಲ್ಲ. ಹೊಸ ಸಾಫ್ಟ್‌ವೇರಿನಲ್ಲಿ 'ಕುಕ್ಕರಗಾಲು' ಅಂತ ಒಂದು ಕಾಲಮ್ ಕೇಳಿ ಮೂರು ಮೇಲ್ ಹಾಕಿದೆ. ವೆಂಡರ್ ಕಡೆಯಿಂದ ಬರಬೇಕಂತೆ. ಅಲ್ಲಿವರೆಗೆ ರಿಮಾರ್ಕ್ಸ್‌ನಲ್ಲಿ ಬರೆಯಿರಿ ಅಂದರು. ಐದು ತಿಂಗಳು ಅವಳು ವಾರಕ್ಕೆರಡು ಸಲ ಬಂದಳು, ಹೋಗಿ ಬರಲು 80 ಕಿಲೋಮೀಟರ್ ಬಸ್ಸು. ಹೋದ ವಾರ ಬರೆದೆ: 'ಪೂರ್ತಿ ಕೂತಳು, ಕೈ ಆಸರೆ ಇಲ್ಲ, ಕುರ್ಚಿ ಬಿಟ್ಟಿದ್ದಾಳೆ, ಏಳುವಾಗ ಇನ್ನೂ ಚಿಪ್ಪು ಹಿಡಿಯುತ್ತಾಳೆ.' ಆ ಬಾಕ್ಸಿನಲ್ಲಿ ಇಷ್ಟುದ್ದ ಹಿಡಿಸುವುದಿಲ್ಲ. ಪ್ರಿಂಟಿನಲ್ಲಿ 'ಪೂರ್ತಿ ಕೂತಳು' ಅಷ್ಟೇ ಬಂದಿದೆ. ಉಳಿದದ್ದನ್ನು ಪೆನ್ನಿನಲ್ಲಿ ಬರೆದೆ.