ಕನ್ನಡ 'ಕನನಡ' ಆದ ಭಾನುವಾರ

ಬೆಳಿಗ್ಗೆ ಬೆಳಿಗ್ಗೆಯೇ ಗೆಳೆಯನ ಫೋನು. "ನಿನ್ನೆ ಸರ್ವರ್ ಬದಲಾಯಿಸಿದ್ವಿ ಮಾರಾಯಾ. ಹಳೇ ಕವಿತೆಗಳೆಲ್ಲ ಫ್ರೆಂಚ್ ಆಗಿಬಿಟ್ಟಿವೆ!"

ತೆಗೆದು ನೋಡಿದೆ. ಅವನ ಪುಟ್ಟ ಪತ್ರಿಕೆಯ ಜಾಲತಾಣದ ತುಂಬ ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಅದರ ಬೆನ್ನಿಗೆ ಪುಟಾಣಿ 2 ಇಲ್ಲವೇ 3. ಯುಟಿಎಫ್-8 ಅಂದರೆ ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ, ಅಂದರೆ ಕಂಪ್ಯೂಟರಿನ ಪುಟ್ಟ ಅಂಕಿಗಳಾಗಿ, ಬರೆದಿಡುವ ಪದ್ಧತಿ. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಮೂಲಾಕ್ಷರ, ಕೊಂಬು, ಹೀಗೆ) 3 ಬೈಟ್ ಬೇಕು. ಅವನ್ನು ಬಿಡಿಬಿಡಿಯಾಗಿ ಲ್ಯಾಟಿನ್-1 (ಒಂದು ಬೈಟಿಗೆ ಒಂದೇ ಅಕ್ಷರ ಎನ್ನುವ ಹಳೇ ಪಾಶ್ಚಾತ್ಯ ಪಟ್ಟಿ) ಎಂದು ಓದಿದರೆ ಹೀಗೇ ಆಗುವುದು. ಸ್ವಲ್ಪ ಹೊತ್ತು ದಿಟ್ಟಿಸಿದ ಮೇಲೆ ನನಗೆ ಆ ಲಿಪಿಯ ಗುಟ್ಟು ಹಿಡಿಯಿತು: 2 ಕಂಡರೆ ಹೆಚ್ಚಾಗಿ ಮೂಲಾಕ್ಷರ, 3 ಕಂಡರೆ ಕೊಂಬೋ ಒತ್ತೋ.

ಕಾಯಿಲೆ ಹಳೆಯದು. ಬರಹಗಳನ್ನು ಕೂಡಿಡುವ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್‌ನ 8.0 ಆವೃತ್ತಿ 2018ರಲ್ಲಿ ಬರುವವರೆಗೆ, ನಾವೇನೂ ಹೇಳದಿದ್ದರೆ ಅದು ಲ್ಯಾಟಿನ್-1 ಎಂದೇ ಹಿಡಿಯುತ್ತಿತ್ತು. ಸಾಲು ಜೋಡಿಸುವುದು ಸ್ವೀಡಿಷ್ ಕ್ರಮದಲ್ಲಿ, ಹುಟ್ಟಿದ ಕಂಪನಿ ಸ್ವೀಡನ್ನಿನದಲ್ವಾ! ಕನ್ನಡ ಒಳಗೆ ಹೋಗುವಾಗ ಒಂದು ತಪ್ಪು, ಹೊರಗೆ ಬರುವಾಗ ಅದೇ ತಪ್ಪು ತಿರುಗುಮುರುಗಾಗಿ. ಓದುಗರಿಗೆ ಕನ್ನಡ ಸರಿಯಾಗೇ ಕಾಣುತ್ತಿತ್ತು. ಹಳೇ ಬರಹಗಳಲ್ಲಿ ಹೊಸ ಸರ್ವರ್ ಹೊರಗೆ ಬರುವಾಗಿನ ತಪ್ಪನ್ನಷ್ಟೇ ತಿದ್ದಿತ್ತು, ಒಳಗೆ ಹೋದಾಗಿನದು ಹಾಗೇ ಉಳಿದಿತ್ತು.

ಅದನ್ನು ತಿದ್ದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತು ಸಾಲು ಬರೆದೆ. ಎರರ್ ಬಂತು. ಎರರ್ ಬಂದದ್ದನ್ನು ಬಿಟ್ಟು ಮುಂದೆ ಹೋಗು ಎಂದು ಸುಮ್ನೆ ಓಡಿಸಿದೆ. 'ಮತ್ತು' ಹೋಗಿ 'ಮತತ' ಆಯಿತು, 'ಕನ್ನಡ' ಹೋಗಿ 'ಕನನಡ'! ನಾನು ಬಳಸಿದ್ದು ಲ್ಯಾಟಿನ್-1ನ್ನೇ ಹೋಲುವ ವಿಂಡೋಸ್-1252 ಪಟ್ಟಿ. ಅದರಲ್ಲಿ 5 ಖಾಲಿ ಗುಂಡಿಗಳಿವೆ, ಅಂದರೆ ಯಾವ ಅಕ್ಷರವೂ ಇಲ್ಲದ ಜಾಗಗಳು. ಒತ್ತಕ್ಷರ ಕಟ್ಟುವ ಹಲಂತದ ಕೊನೆಯ ಬೈಟ್ ಒಂದರಲ್ಲಿ ಬೀಳುತ್ತದೆ, ಕೊಂಬಿನದ್ದು ಇನ್ನೊಂದರಲ್ಲಿ. ಇವೆರಡೂ ಇಲ್ಲದೆ ನಾಲ್ಕು ಸಾಲು ಕನ್ನಡ ಬರೆಯಿರಿ ನೋಡೋಣ. ಪುಣ್ಯಕ್ಕೆ ನಾನು ಓಡಿಸಿದ್ದು ನಕಲಿನ ಮೇಲೆ.

ಮೈಎಸ್‌ಕ್ಯೂಎಲ್‌ನ ಲ್ಯಾಟಿನ್-1 ಆ ಗುಂಡಿಗಳನ್ನು ಮುಚ್ಚಿಕೊಂಡಿದೆ. ಹಾಗಾಗಿ ಕೆಲಸವನ್ನು ಅದರೊಳಗೇ ಮಾಡಿದೆ: ಮೊದಲು ಲ್ಯಾಟಿನ್-1ಕ್ಕೆ, ಅಲ್ಲಿಂದ ಬರೀ ಬೈಟ್‌ಗಳಿಗೆ, ಕೊನೆಗೆ ಯುಟಿಎಫ್8ಎಂಬಿ4ಕ್ಕೆ (ಯುಟಿಎಫ್-8ಕ್ಕೆ ಅಲ್ಲಿರುವ ಹೆಸರು). ಶನಿವಾರ ಸೇರಿಸಿದ ಹೊಸ ಬರಹಗಳು ಚೆನ್ನಾಗಿಯೇ ಇದ್ದವು. ಅವನ್ನು ಮುಟ್ಟದೆ ಕೆಟ್ಟ ಸಾಲುಗಳನ್ನಷ್ಟೇ ಆರಿಸಬೇಕಿತ್ತು. ಊಟ ತಪ್ಪಿದ್ದು ಅಲ್ಲೇ.

ಸಂಜೆ ಹೊತ್ತಿಗೆ ಎಲ್ಲ ಸರಿಹೋಯಿತು, ಐದಾರು ತಲೆಬರಹ ಬಿಟ್ಟು. ಹಳೇ ಟೇಬಲ್‌ನಲ್ಲಿ ತಲೆಬರಹಕ್ಕೆ 255 ಬೈಟ್ ಜಾಗ. ಮೂರು ಮೂರರಂತೆ 85 ಸಂಕೇತ ತುಂಬುವಷ್ಟರಲ್ಲಿ ಮುಗಿಯಿತು. ಉದ್ದದ ತಲೆಬರಹಗಳ ಕೊನೆಯ ಅಕ್ಷರ ನಡುವೆಯೇ ತುಂಡಾಗಿತ್ತು, ಉಳಿದದ್ದು ಎಲ್ಲೂ ಇರಲಿಲ್ಲ. ಗೆಳೆಯ ಬರೆದವರಿಗೇ ಫೋನು ಮಾಡಿ ಕೇಳತೊಡಗಿದ. ಹಿರಿಯ ಕವಿಯೊಬ್ಬರು ನಕ್ಕರಂತೆ: "ಅರ್ಧಕ್ಕೇ ನಿಂತಿದ್ದು ಆಗಲೇ ನೋಡಿದ್ದೆ ಕಣಯ್ಯಾ. ನೀನೇ ಎಡಿಟ್ ಮಾಡಿದ್ದೀಯ ಅಂದ್ಕೊಂಡು ಸುಮ್ನಿದ್ದೆ."